ಟೊಳ್ಳು ಬೊಡ್ಡೆಯ ಮೇಲಿನ ಪಂಚಾಯಿತಿ

ಮಕ್ಕಳೇ, ಬೇಲದ ಮರಗಳು ತುಂಬಿದ ಕಾಡೊಂದರ ನಡುವೆ ಒಂದು ಕೊಳವಿತ್ತು. ಕೊಳದ ಪಕ್ಕದಲ್ಲಿ ಹುಲ್ಲಿನ ಬಯಲು. ಆ ಬಯಲಿನಲ್ಲಿ ಪ್ರಾಣಿಗಳು ಫುಟ್‌ಬಾಲ್ ಆಡುತ್ತಿದ್ದವು. ಚೆಂಡು ಎಲ್ಲಿಂದ ಬಂತು ಎಂದು ಕೇಳಬೇಡಿ. ಒಣಗಿದ ಬೇಲದ ಕಾಯಿಗಿಂತ ಒಳ್ಳೆಯ ಚೆಂಡು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬೇಲದಕೊಳ ತಂಡದವರಿಗೆ ಆಟವೇ ಕಸುಬು. ಅವರು ಆಡುತ್ತಿದ್ದರು, ಕಾಡು ಅವರ ಹೊಟ್ಟೆ ನೋಡಿಕೊಳ್ಳುತ್ತಿತ್ತು.

ತಿಪ್ಪಣ್ಣ ಎಂಬ ಮೊಲ ಆ ತಂಡದ ಅಭಿಮಾನಿ. ಜನ್ಮದಲ್ಲಿ ಚೆಂಡು ಒದ್ದವನಲ್ಲ, ಆದರೆ ಒದೆಯುವುದು ಹೇಗೆಂದು ಎಲ್ಲರಿಗೂ ಹೇಳಿಕೊಡುತ್ತಿದ್ದ. ಅವನ ತಮ್ಮ ಬೋರಣ್ಣ ತಂಡದ ಗೋಲ್‌ಕೀಪರ್. ಅಪ್ಪ ಅಮ್ಮ ಇಲ್ಲದ ಅಣ್ಣತಮ್ಮಂದಿರು ಒಂದೇ ಪೊದೆಯಲ್ಲಿ ಬೆನ್ನಿಗೆ ಬೆನ್ನು ತಾಗಿಸಿ ಮಲಗುತ್ತಿದ್ದರು. ತಿಪ್ಪಣ್ಣನಿಗೆ ತಮ್ಮನೆಂದರೆ ಪ್ರಾಣ. ಅದನ್ನು ಬಾಯಿಬಿಟ್ಟು ಹೇಳಿದ್ದಿಲ್ಲ, ಅಷ್ಟೇ. ಬಾಯಿಗೆ ಬೇರೆ ಕೆಲಸವಿತ್ತಲ್ಲ!

ಆ ವರ್ಷ ಕೊನೆಯ ಪಂದ್ಯದಲ್ಲಿ ಆಚೆದಡದ ತಂಡ ಗೆದ್ದುಬಿಟ್ಟಿತು. ಬೋರಣ್ಣನ ಎಡಗಡೆಯಿಂದ ಕಾಯಿ ನುಗ್ಗಿ ಗೋಲಾಯಿತು. ಮಾರನೆಯ ದಿನವೇ ಮಾಗಿಯ ಮಂಜು ಇಳಿಯಿತು. ಮಂಜಿನಲ್ಲಿ ಚೆಂಡು ಕಾಣುವುದಿಲ್ಲ, ಹಾಗಾಗಿ ಬಿಸಿಲು ಬಲಿಯುವ ತನಕ ಆಟಕ್ಕೆ ರಜೆ. ಆಟಗಾರರಿಗೇನೋ ರಜೆ, ಅಭಿಮಾನಿಗಳ ನಾಲಿಗೆಗೆ ರಜೆ ಉಂಟೇ?

ಬಯಲಿನ ಅಂಚಿನಲ್ಲಿ ಮತ್ತಿಮರದ ಬೊಡ್ಡೆಯೊಂದು ಬಿದ್ದಿತ್ತು. ಒಳಗೆಲ್ಲ ಟೊಳ್ಳು. ಸಂಜೆಯಾದರೆ ತಿಪ್ಪಣ್ಣ, ಉಡ ಭರಮಪ್ಪ, ಕಾಡುಕೋಳಿ ಮಂಕಾಳಮ್ಮ ಮೂವರೂ ಅದರ ಮೇಲೆ ಕೂತು ಪಂಚಾಯಿತಿ ಶುರು ಮಾಡುತ್ತಿದ್ದರು. ಅವರದೇ ಒಂದು ಪದ್ಧತಿ ಇತ್ತು. ತಂಡದಿಂದ ತೆಗೆಯಬೇಕಾದವರ ಹೆಸರು ಹೇಳುವುದು, ಒಪ್ಪಿದವರು ಬೊಡ್ಡೆ ಬಡಿಯುವುದು. ಭರಮಪ್ಪ ಬಾಲದಿಂದ, ಮಂಕಾಳಮ್ಮ ಕೊಕ್ಕಿನಿಂದ, ತಿಪ್ಪಣ್ಣ ಹಿಂಗಾಲಿನಿಂದ. ಆ ಸದ್ದು ಬಯಲಿಗೆಲ್ಲ ಕೇಳುತ್ತಿತ್ತು. ಹೀಗೆ ಹೆಸರಿಗೆ ಬಡಿತ ಬಿದ್ದವನಿಗೆ ಮತ್ತೆ ಮುಖ ಎತ್ತಿ ಓಡಾಡಲು ಆಗುತ್ತಿರಲಿಲ್ಲ.

ಬೋರಣ್ಣನಿಗೆ ಇದು ಸರಿಬರಲಿಲ್ಲ.

"ಅಣ್ಣ, ಅಪ್ಪ ನೆಲಕ್ಕೆ ಕಾಲು ಬಡಿದರೆ ಅಪಾಯ ಬಂತು, ಓಡಿ ಅಂತ ಅರ್ಥ. ನಮ್ಮ ಜಾತಿ ಉಳಿದಿರೋದೇ ಆ ಬಡಿತದಿಂದ. ನೀನು ಅದನ್ನ ಇನ್ನೊಬ್ಬರ ಮಾನ ಕಳೆಯೋಕೆ ಬಳಸ್ತೀಯಲ್ಲ."

"ಹೋಗೋ, ನಿನಗೇನು ಗೊತ್ತು? ತಂಡ ಉದ್ಧಾರ ಆಗೋದು ಬೇಡ್ವಾ?" ಎಂದ ತಿಪ್ಪಣ್ಣ.

ಮೊದಲು ಹೋದವರು ಕೋಚ್. ಅವರು ವಯಸ್ಸಾದ ಕೊಕ್ಕರೆ ಮೇಷ್ಟ್ರು.

"ಒಂಟಿಕಾಲಲ್ಲಿ ನಿಲ್ಲೋದು, ಸಂಜೆಯಾದ್ರೆ ಈ ಪೊಟರೆಗೆ ಕೊಕ್ಕು ತೂರಿಸಿ ತಡಕಾಡೋದು. ಇಷ್ಟು ಬಿಟ್ರೆ ಮೇಷ್ಟ್ರು ಏನ್ ಮಾಡ್ತಾರೆ?" ಎಂದಳು ಮಂಕಾಳಮ್ಮ.

"ಹುಳ ಹುಡುಕ್ತಾರೆ!" ಎಂದ ತಿಪ್ಪಣ್ಣ. ಮೂವರೂ ಬಿದ್ದು ಬಿದ್ದು ನಕ್ಕು, ಬೊಡ್ಡೆ ಬಡಿದರು.

ಮೇಷ್ಟ್ರು ಜಗಳವಾಡಲಿಲ್ಲ. ರೆಕ್ಕೆ ಬಿಚ್ಚುವ ಮುನ್ನ ಒಂದೇ ಮಾತು ಹೇಳಿದರು: "ನಾನು ಹೋಗ್ತೀನಿ. ಸಂಜೆ ಹೊತ್ತು ಪೊಟರೆ ನೋಡೋದು ಮಾತ್ರ ಬಿಡಬೇಡ್ರಪ್ಪ. ಖಾಲಿ ಜಾಗ ಬಹಳ ದಿನ ಖಾಲಿ ಇರಲ್ಲ."

ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪೊಟರೆಯನ್ನೂ ಯಾರೂ ನೋಡಲಿಲ್ಲ.

ಮಂಜು ದಟ್ಟವಾಯಿತು. ಎದುರು ಕೂತವರ ಮುಖವೂ ಮಸುಕು. ಒಂದು ಸಂಜೆ ಮಾತು ತಂಡಕ್ಕೆ ಗೋಲು ಹೊಡೆಯುವ ಮುಂದಾಳು, ನವಿಲು ರಂಗನ ಕಡೆ ತಿರುಗಿತು.

"ಆ ರಂಗನಿಗೆ ಗೋಲಿಗಿಂತ ಗರಿಯೇ ಹೆಚ್ಚು. ಬಾಲ ಮುಳ್ಳುಪೊದೆಗೆ ಸಿಕ್ಕಿದ್ರೆ ಬಿಡಿಸಿಕೊಳ್ಳೋಕೇ ಬರಲ್ಲ. ದಿನಾ ಬೆಳಿಗ್ಗೆ ಕೊಳದ ಮೂಲೆಯ ಪೊದೆ ಹತ್ರ ಅದೇ ಪಾಡು," ಎಂದ ತಿಪ್ಪಣ್ಣ.

ಮೂವರೂ ಬೊಡ್ಡೆ ಬಡಿದರು. ಆಮೇಲೆ, ಎಲ್ಲರೂ ಸುಮ್ಮನಾದ ಮೇಲೆ, ಇನ್ನೊಂದು ಬಡಿತ ಕೇಳಿತು.

ಧಬ್.

ಅದು ಕೆಳಗಿನಿಂದ ಬಂದಿತ್ತು. ತಿಪ್ಪಣ್ಣನ ಅಂಗಾಲು ಜುಮ್ಮೆಂದಿತು, ಬೆನ್ನಿನ ಕೂದಲು ನಿಗುರಿತು.

"ಯಾರದು?" ಎಂದಳು ಮಂಕಾಳಮ್ಮ ಮೆಲ್ಲಗೆ.

"ಯಾರೋ ನಮ್ಮ ಪಕ್ಷದವರೇ ಬಿಡು," ಎಂದ ಭರಮಪ್ಪ.

ತಿಪ್ಪಣ್ಣನಿಗೂ ಅದು ಹಿತವೆನಿಸಿತು. ನಮ್ಮ ಮಾತಿಗೆ ಹೂಂಗುಟ್ಟುವವರು ಯಾರೆಂದು ನಾವೂ ನೀವೂ ಎಷ್ಟು ಸಲ ಬಗ್ಗಿ ನೋಡಿದ್ದೇವೆ, ಹೇಳಿ?

ಮರುದಿನದಿಂದ ರಂಗ ಕಾಣಲಿಲ್ಲ. ಬೊಡ್ಡೆಯ ಬಾಯಲ್ಲಿ ಒಂದೇ ಒಂದು ಗರಿ ಒದ್ದೆಯಾಗಿ ಅಂಟಿಕೊಂಡಿತ್ತು. "ಅವಮಾನ ತಾಳಲಾರದೆ ಆಚೆದಡ ಸೇರಿರಬೇಕು. ಹೋಗುವಾಗ ಗರಿ ಉದುರಿಸಿ ಹೋಗಿದ್ದಾನೆ," ಎಂದುಕೊಂಡರು.

ಆಮೇಲೆ ಹಂದಿಮರಿ ಗುಂಡನ ಸರದಿ. "ಡಿಫೆಂಡರ್ ಅಂತೆ ಡಿಫೆಂಡರ್! ಮಧ್ಯಾಹ್ನ ಕೆಸರಲ್ಲಿ ಮಲಗಿದರೆ ಮೈಮೇಲೆ ಮರ ಬಿದ್ರೂ ಏಳಲ್ಲ," ಎಂದ ತಿಪ್ಪಣ್ಣ. ಮೂವರೂ ಬಡಿದರು. ಕೆಳಗಿನಿಂದ ಉತ್ತರ ಬಂತು. ಧಬ್. ಈ ಸಲ ಬೊಡ್ಡೆ ಬೆಚ್ಚಗಿದೆಯೆಂದೂ ತಿಪ್ಪಣ್ಣನಿಗೆ ಅನಿಸಿತು. ಅಂಥ ಚಳಿಯಲ್ಲಿ ಬೆಚ್ಚಗಿನ ಜಾಗ ಬಿಟ್ಟು ಏಳುವವರು ಯಾರು?

ಗುಂಡನೂ ಮತ್ತೆ ಕಾಣಲಿಲ್ಲ. ಅವನ ತಾಯಿ ಮಂಜಿನೊಳಗೆ ಅವನ ಹೆಸರು ಕೂಗುತ್ತ ಕೊಳ ಸುತ್ತುವುದು ಮಾತ್ರ ಕೇಳುತ್ತಿತ್ತು. ಪಂಚಾಯಿತಿಯವರು ಆ ದನಿ ಕೇಳದ ಹಾಗೆ ಇನ್ನಷ್ಟು ಜೋರಾಗಿ ಮಾತಾಡಿದರು.

ಹೀಗಿರುವಾಗ ಒಂದು ಸಂಜೆ ಭರಮಪ್ಪ ನಾಲಿಗೆ ಚಾಚಿ ಒಳಗೆಳೆದುಕೊಂಡು ಹೇಳಿದ: "ಇನ್ನು ಉಳಿದಿರೋದು ಗೋಲ್‌ಕೀಪರ್. ಸೋತಿದ್ದೇ ಅವನಿಂದ. ಆದ್ರೆ ತಿಪ್ಪಣ್ಣನ ತಮ್ಮ ನೋಡು, ನಾವು ಆಡೋ ಹಾಗಿಲ್ಲ."

ಇಬ್ಬರೂ ತಿಪ್ಪಣ್ಣನನ್ನೇ ನೋಡಿದರು. ಬೇಡ ಎನ್ನಬಹುದಿತ್ತು. ಆದರೆ ಊರವರ ತಮ್ಮಂದಿರನ್ನೆಲ್ಲ ಆಡಿಕೊಂಡ ಬಾಯಿ ಈಗ ಹೇಗೆ ಮುಚ್ಚೀತು?

"ತಮ್ಮ ಆದ್ರೇನು? ತಪ್ಪು ತಪ್ಪೇ," ಎಂದ ಗತ್ತಿನಿಂದ. ಗತ್ತು ಸಾಲಲಿಲ್ಲ, ಯಾರಿಗೂ ಗೊತ್ತಿಲ್ಲದ್ದನ್ನು ಹೇಳುವ ಚಪಲವೂ ಬಂತು. "ನಿಮಗೆ ಗೊತ್ತಿಲ್ಲ, ಅವನ ಎಡಗಿವಿ ಕೇಳಲ್ಲ. ಆ ಕಡೆಯಿಂದ ಯಾರು ಬಂದ್ರೂ ತಿಳಿಯಲ್ಲ. ಈಗಲೂ ದಿನಾ ಸಂಜೆ ಗೋಲುಕಂಬದ ಹತ್ರ ಒಬ್ಬನೇ ಕೂತು ಆ ಗೋಲನ್ನೇ ಯೋಚಿಸ್ತಾನೆ."

ಬಾಲ ಬಡಿಯಿತು. ಕೊಕ್ಕು ಬಡಿಯಿತು. ತಿಪ್ಪಣ್ಣ ಕಣ್ಣು ಮುಚ್ಚಿ ಕಾಲು ಬಡಿದ.

ಮೂವರೂ ಕಾದರು. ಕೆಳಗಿನಿಂದ ಏನೂ ಬರಲಿಲ್ಲ.

"ಇವತ್ತು ಅವರಿಗೆ ಒಪ್ಪಿಗೆ ಇಲ್ವೇನೋ," ಎಂದಳು ಮಂಕಾಳಮ್ಮ.

ತಿಪ್ಪಣ್ಣನಿಗೆ ಒಂದು ಕ್ಷಣ ಸಮಾಧಾನವಾಯಿತು. ಮರುಕ್ಷಣ ಅಂಗಾಲು ತಣ್ಣಗಾಗುತ್ತಿರುವುದು ತಿಳಿಯಿತು. ಅವನು ಕೆಳಗೆ ಹಾರಿ, ಮೊಟ್ಟಮೊದಲ ಸಲ ಪೊಟರೆಯೊಳಗೆ ಬಗ್ಗಿ ನೋಡಿದ. ಒಳಗೋಡೆ ಯಾರೋ ಉಜ್ಜಿ ಉಜ್ಜಿ ನಯ ಮಾಡಿದ ಹಾಗೆ ಹೊಳೆಯುತ್ತಿತ್ತು. ಮೂಲೆಯಲ್ಲಿ ನವಿಲುಗರಿಗಳ ರಾಶಿ. ಅದರ ಮೇಲೆ ಪುಟ್ಟದೊಂದು ಗೊರಸು. ಬೊಡ್ಡೆಯ ಬಾಯಿಂದ ಗೋಲುಕಂಬದ ಕಡೆಗೆ ಇಬ್ಬನಿಯ ಹುಲ್ಲು ಅಗಲವಾಗಿ ಮಲಗಿತ್ತು.

ಒಪ್ಪಿಗೆ ಇಲ್ಲದೆ ಅಲ್ಲ, ಒಳಗಿದ್ದವನು ಆಗಲೇ ಹೊರಟಿದ್ದ!

ತಿಪ್ಪಣ್ಣ ಓಡಿದ. ಅಂಥ ಓಟ ಅವನು ಜನ್ಮದಲ್ಲೇ ಓಡಿರಲಿಲ್ಲ. ಮಂಜಿನ ಆಚೆ ಬೋರಣ್ಣ ಕಂಡ. ಗೋಲುಕಂಬದ ಬುಡದಲ್ಲಿ, ಎಡಮಗ್ಗುಲನ್ನು ಇತ್ತ ಮಾಡಿ ಕೂತಿದ್ದ. ಅವನ ಎಡಗಡೆಯ ಹುಲ್ಲು ಗಾಳಿಯಿಲ್ಲದೆ ಮೆಲ್ಲಗೆ ಅಲುಗುತ್ತಿತ್ತು.

"ಬೋರಾ! ಓಡೋ!"

ಕಿವುಡು ಕಿವಿಗೆ ಕೂಗು ತಾಗಲಿಲ್ಲ. ಆಗ ತಿಪ್ಪಣ್ಣ ಅಪ್ಪ ಬಡಿಯುತ್ತಿದ್ದ ಹಾಗೆ, ತನ್ನಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ನೆಲಕ್ಕೆ ಹಿಂಗಾಲು ಬಡಿದ. ಧಬ್! ಧಬ್! ಧಬ್!

ಬಡಿತ ನೆಲದಲ್ಲಿ ಹರಿದು ಬೋರಣ್ಣನನ್ನು ಮುಟ್ಟಿತು. ಅವನು ತಿರುಗಿ ಅಣ್ಣನನ್ನು ನೋಡಿದ. ಓಡಲಿಲ್ಲ.

"ಇಲ್ಲಿಗೇ ಬಂದು ಬಡಿಯಬೇಕಿತ್ತಾ, ಅಣ್ಣ? ನನ್ನ ಸರದಿನೂ ಬಂತಾ?" ಎಂದು ತಲೆ ತಗ್ಗಿಸಿದ.

ಹುಲ್ಲು ಎದ್ದು ನಿಂತಿತು. ಹುಲ್ಲಲ್ಲ, ಹೆಬ್ಬಾವು.

ತಿಪ್ಪಣ್ಣ ಅಲ್ಲಿಗೆ ಮುಟ್ಟುವಷ್ಟರಲ್ಲಿ ಗೋಲುಕಂಬದ ಬುಡ ಖಾಲಿಯಾಗಿತ್ತು. ಅವನು ನೆಲಕ್ಕೆ ಬಿದ್ದು, "ನನ್ನ ತಮ್ಮ! ನನ್ನ ತಮ್ಮನೇ ಬೇಕಿತ್ತಾ ನಿನಗೆ?" ಎಂದು ಗೋಳಿಟ್ಟ.

ಹೆಬ್ಬಾವು ಅವಸರವಿಲ್ಲದೆ ಅವನ ಕಡೆ ತಲೆ ತಿರುಗಿಸಿತು. ಅದರ ದನಿಯಲ್ಲಿ ಸಿಟ್ಟಿರಲಿಲ್ಲ.

"ಚಳಿಗಾಲದಲ್ಲಿ ನಾನು ಹುಡುಕಿಕೊಂಡು ಅಲೆಯೋನಲ್ಲ, ತಿಪ್ಪಣ್ಣ. ಯಾರು ಎಲ್ಲಿರ್ತಾರೆ, ಯಾರಿಗೆ ಏನು ಕೊರತೆ, ಎಲ್ಲ ನೀವೇ ಹೇಳಿದ್ರಿ. ನಾನು ಯಾರನ್ನೂ ಆರಿಸಲಿಲ್ಲ. ನೀವು ಬೇಡ ಅಂದವರನ್ನ ತಗೊಂಡೆ, ಅಷ್ಟೇ."

ಹೀಗೆಂದು ಅದು ಮಂಜಿನೊಳಗೆ ಬೊಡ್ಡೆಯ ಕಡೆಗೆ ಹರಿದುಹೋಯಿತು. ಆ ರಾತ್ರಿ ತಿಪ್ಪಣ್ಣ ಪೊದೆಯಲ್ಲಿ ಒಬ್ಬನೇ ಮಲಗಿದ. ಬೆನ್ನಿಗೆ ಚಳಿ ತಾಗುತ್ತಲೇ ಇತ್ತು.

ನೀತಿ: ಇನ್ನೊಬ್ಬರ ಕುಂದನ್ನು ಆಡಿಕೊಳ್ಳುವಾಗ ಕೇಳುವ ಕಿವಿ ಯಾರದೆಂದು ನೋಡದವನು, ಕೊನೆಗೆ ತನ್ನವರನ್ನೂ ಆ ಕಿವಿಯವನ ಬಾಯಿಗೇ ಒಪ್ಪಿಸುತ್ತಾನೆ.