ಗುಂಡಿಗೆ ಎಡಕ್ಕೆ ಬಂದು ಕೂತದ್ದು

“ಒಂದೇ ಕಡೆ ತಿರುವು ಅಂತ ಎಷ್ಟು ಸಲ ಹೇಳ್ಲಿ? ಅತ್ಲಾಗೊಂದು ಸುತ್ತು, ಇತ್ಲಾಗೊಂದು ಸುತ್ತು. ಅಂಬಲಿ ಗಂಟಾಗ್ತದೆ.”

ಹೊನ್ನಿ ತನ್ನ ಗಂಡ ಮಂಚಯ್ಯನಿಗೆ ಹೇಳಿದ ಕೊನೇ ಮಾತು ಇದು. ಸೌಟು ಅವನ ಕೈಲಿತ್ತು. ಅವನು ತಿರುಗಿ ನೋಡುವಷ್ಟರಲ್ಲಿ ಅವಳು ಗೋಡೆಗೆ ಒರಗಿದ್ದಳು. ಉಸಿರು ಇರಲಿಲ್ಲ.

ಆಗ ಲೋಕ ಇನ್ನೂ ಹಸಿ. ಬೆಟ್ಟ ಮುಟ್ಟಿದರೆ ಕೈಗೆ ಮಣ್ಣು ಅಂಟುತ್ತಿತ್ತು. ಹೊಳೆಗೆ ತನ್ನ ದಾರಿ ಇನ್ನೂ ಬಾಯಿಪಾಠ ಆಗಿರಲಿಲ್ಲ. ಮೀನು, ಕಪ್ಪೆ, ಹಕ್ಕಿ, ಮನುಷ್ಯ, ಎಲ್ಲರ ಮೈಯೂ ಎಡಕ್ಕೆ ಹೇಗೋ ಬಲಕ್ಕೂ ಹಾಗೇ. ಗುಂಡಿಗೆಗೆ ಮಾತ್ರ ತನ್ನ ಜಾಗ ಯಾವುದು ಅಂತ ಗೊತ್ತಿರಲಿಲ್ಲ. ಎಡಕ್ಕೆ ಓಡುತ್ತಿತ್ತು. ಬಲಕ್ಕೆ ಓಡುತ್ತಿತ್ತು. ಅದಕ್ಕೇ ಆ ಕಾಲದವರು ಯಾರೂ ಒಂದು ಕಡೆ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ಓಡಿ ಓಡಿ ಸುಸ್ತಾದ ದಿನ ಗುಂಡಿಗೆ ನಿಂತುಬಿಡುತ್ತಿತ್ತು. ಹೊನ್ನಿಯದೂ ಹಾಗೇ ನಿಂತಿತು.

ಅವಳನ್ನು ಮಣ್ಣಿಗಿಟ್ಟು ಮಂಚಯ್ಯ ಮನೆಗೆ ಬಂದ. ಒಳಗೆ ಹೋದ. ಹೊರಗೆ ಬಂದ. ಹೊಳೆಗೆ ಹೋದ. ತಿರುಗಿ ಬಂದ. ಚಾಪೆಯ ಮೇಲೆ ಅವಳು ಯಾವಾಗಲೂ ಅವನ ಎಡಕ್ಕೆ ಕೂರುತ್ತಿದ್ದಳು. ಆ ಜಾಗ ನೋಡಿದ. ಮತ್ತೆ ಹೊರಗೆ ಬಂದ.

“ಏನಣ್ಣಾ, ನಡೆದೂ ನಡೆದೂ ನನ್ನ ದಡ ಸವೆಸ್ತೀಯಾ?” ಅಂದಿತು ಹೊಳೆ.

“ಕೂರಕ್ಕಾಯ್ತಿಲ್ಲ.”

“ಗಡಿಗೆ ನೋಡ್ದಾ? ಬತ್ತೋ ಗುಂಡಿಯಿಂದ ನಿನ್ನಾಕೆ ನಿನ್ನೆ ಬೊಗಸೇಲಿ ಎತ್ತಿಟ್ಟಳಲ್ಲ, ಗೆಂಡೆ ಮೀನಿನ ಮೊಟ್ಟೆ. ಅರ್ಧ ಆಗ್ಲೇ ಬೆಳ್ಳಗಾಗವೆ.”

ಬೆಳ್ಳಗಾದ ಮೊಟ್ಟೆ ಸತ್ತ ಮೊಟ್ಟೆ. ಮಂಚಯ್ಯ ಓಡಿದ. ಹೊನ್ನಿ ಕೈಯಾರೆ ಬದುಕಿಸಿದ್ದು ಅಂತ ಉಳಿದಿದ್ದು ಅದೊಂದೇ.

ಗಡಿಗೆಗೆ ಮುಖ ಇಟ್ಟು ನೋಡಿದ. ಬದುಕಿದ್ದ ಮೊಟ್ಟೆಗಳು ಮಂಜಿನ ಹನಿಯ ಹಾಗೆ ತಿಳಿಯಾಗಿದ್ದವು. ಒಳಗಿನದೆಲ್ಲ ಕಾಣುತ್ತಿತ್ತು. ಒಂದೊಂದರಲ್ಲೂ ನೂಲಿನಷ್ಟು ಮೀನು. ಅದರೊಳಗೆ ಒಂದು ಕೆಂಪು ಚುಕ್ಕಿ, ಅತ್ತಿಂದಿತ್ತ ಓಡಾಡುತ್ತಿತ್ತು.

“ಬಾರೋ ಇತ್ಲಾಗೆ. ನಾನು ದೊಡ್ಡೋನು,” ಅನ್ನುತ್ತಿತ್ತು ಆ ಮರಿಯ ಮೈಯ ಬಲಗಡೆ.

“ದೊಡ್ಡೋನಂತೆ! ಅಳತೆ ಹಾಕಿದ್ರೆ ಇಬ್ರೂ ಒಂದೇ. ನೀನು ಇಲ್ಲಿ ಬಾರೋ,” ಅನ್ನುತ್ತಿತ್ತು ಎಡಗಡೆ.

“ಯಾರಾದ್ರೂ ಒಬ್ರೇ ಕರೀರಪ್ಪಾ!” ಅಂತ ಅಳುತ್ತಿತ್ತು ಗುಂಡಿಗೆ.

ಮಂಚಯ್ಯ ನೋಡುತ್ತಿದ್ದ ಹಾಗೇ ಒಂದು ಮೊಟ್ಟೆ ಬೆಳ್ಳಗಾಯಿತು.

“ನೀರವ್ವಾ, ಎಲ್ಲಿ ಕೂರಬೇಕು ಅಂತ ಒಂದು ಮಾತು ಮುಟ್ಟಿಸಬಾರದಾ?” ಅಂದ ಮೊಟ್ಟೆಯೊಳಗಿನ ನೀರಿಗೆ.

“ಹೆಂಗೆ ಮುಟ್ಟಿಸ್ಲಣ್ಣಾ? ಈ ಕೂದಲುಗಳು ಬಿಟ್ರೆ ತಾನೇ? ನಿಂತಲ್ಲೇ ಸುತ್ತಿ ಸುತ್ತಿ ನಂಗೆ ತಲೆ ತಿರುಗ್ತಾ ಅದೆ.”

ಮಂಚಯ್ಯ ಇನ್ನೂ ಬಗ್ಗಿದ. ಮರಿಯ ಬಾಲದ ಹತ್ತಿರ ಒಂದು ಪುಟ್ಟ ಕುಳಿ. ಕುಳಿಯ ತುಂಬ ಕಂಡೂ ಕಾಣದಂಥ ಕೂದಲು. ಒಂದೊಂದೂ ಸೌಟಿನ ಹಾಗೆ ನೀರು ತಿರುವುತ್ತಿತ್ತು. ಒಂದು ಅತ್ಲಾಗೆ. ಒಂದು ಇತ್ಲಾಗೆ.

ಒಲೆಯ ಮೇಲೆ ಅಂಬಲಿ ಹಾಗೇ ಇತ್ತು. ತಣ್ಣಗಾಗಿ, ಗಂಟು ಗಂಟಾಗಿ.

“ಒಂದೇ ಕಡೆ ತಿರುವ್ರಪ್ಪಾ,” ಅಂದ.

“ಯಾವ ಕಡೆ?” ಅಂದವು ಕೂದಲುಗಳು.

ಅದನ್ನು ಹೊನ್ನಿ ಹೇಳಿರಲಿಲ್ಲ. ಇನ್ನೊಂದು ಮೊಟ್ಟೆ ಬೆಳ್ಳಗಾಯಿತು. ಮಂಚಯ್ಯ ಕಣ್ಣು ಮುಚ್ಚಿದ. ಇಲ್ಲದ ಸೌಟು ಹಿಡಿದ. ದಿನಾ ಮೊದಲ ಸೌಟು ಹೋಗುತ್ತಿದ್ದದ್ದು ಎಡಕ್ಕೆ, ಅವಳ ಬಟ್ಟಲಿಗೆ. ಕೈ ತಾನಾಗಿ ಆ ಕಡೆ ತಿರುಗಿತು.

“ಹಿಂಗೆ. ಹೊನ್ನಿ ಕೂರೋ ಕಡೆಗೆ ಹರೀಲಿ.”

ಎಲ್ಲ ಮೊಟ್ಟೆಗಳ ಕೂದಲುಗಳೂ ಹಾಗೇ ತಿರುವಿದವು. ನೀರು ಎಡಕ್ಕೆ ಹರಿಯಿತು. ಹರಿಯುತ್ತಾ ಒಂದೇ ಒಂದು ಮಾತು ಹೊತ್ತೊಯ್ದಿತು. “ಇಲ್ಲಿ.”

“ಕೇಳಿಸ್ತು! ನಂಗೆ ಕೇಳಿಸ್ತು!” ಅಂತ ಎಡಗಡೆ ಕುಣಿಯಿತು.

“ಏನಂತೆ? ನಂಗೂ ಹೇಳೋ,” ಅಂದಿತು ಬಲಗಡೆ.

ನಡುವೆ ಬೆನ್ನು ಗೋಡೆಯ ಹಾಗೆ ನಿಂತಿತು. “ಈ ಮಾತು ದಾಟಕ್ಕೆ ಬಿಡಲ್ಲ. ಮತ್ತೆ ಜಗಳ ಆಗ್ತದೆ. ನೀನು ಸುಮ್ಕಿರು, ಹೊಟ್ಟೆಯೊಳಗಿನ ಬೇರೆ ಸಾಮಾನು ಕೊಡ್ತೀವಿ.”

ಗುಂಡಿಗೆ ಮೆಲ್ಲಗೆ ಬಾಗಿತು. ಎಡಕ್ಕೆ ಹೋಯಿತು. ಕೂತಿತು. ಆಮೇಲೆ ಒಂದು ಮೊಟ್ಟೆಯೂ ಬೆಳ್ಳಗಾಗಲಿಲ್ಲ.

“ಅಣ್ಣಾ, ಮುಂದೆ ಹುಟ್ಟೋ ಕೂದಲಿಗೆ ಇದನ್ನು ಹೇಳೋರು ಯಾರು?” ಅಂದವು ಕೂದಲುಗಳು.

“ಬೀಜದೊಳಗೆ ಬಚ್ಚಿಡಿ. ಅವ್ವ ಅಪ್ಪ ಹೊತ್ಕೊಂಡು ಬರ್ತಾರೆ.”

ಹಾಗೇ ಬಚ್ಚಿಟ್ಟವು. ಆ ಮಾತು ಮೀನಿನಿಂದ ಕಪ್ಪೆಗೆ ಹೋಯಿತು, ಹಕ್ಕಿಗೆ ಹೋಯಿತು, ಮನುಷ್ಯನಿಗೂ ಬಂತು. ಎಲ್ಲೋ ಸಾವಿರಾರು ಜನರಲ್ಲಿ ಒಬ್ಬರ ಮೈಯಲ್ಲಿ ಆ ಮಾತು ದಾರಿ ತಪ್ಪುತ್ತದೆ. ಆಗ ಗುಂಡಿಗೆ ಬಲಕ್ಕೆ ಹೋಗಿ ಕೂರುತ್ತದೆ. ಅಲ್ಲೂ ಕೂತು ಬಡಿಯುತ್ತದೆ.

ಮಂಚಯ್ಯನ ಗುಂಡಿಗೆ ಮಾತ್ರ ಹಳೇದು. ಓಡುತ್ತಲೇ ಇತ್ತು.

ಮಾರನೇ ದಿನ ಬೆಳಿಗ್ಗೆ ಮೊಟ್ಟೆ ಒಡೆದು ಮರಿಗಳು ಬಂದಿದ್ದವು. ಗಡಿಗೆ ಹೊತ್ತುಕೊಂಡು ಹೋಗಿ ಹೊಳೆಗೆ ಬಿಟ್ಟ. ಮನೆಗೆ ಬಂದು ಪಾತ್ರೆ ತೊಳೆದ. ಒಲೆ ಹಚ್ಚಿದ. ರಾಗಿ ಹಿಟ್ಟು ಕಲಸಿ ಹುಯ್ದು ಒಂದೇ ಕಡೆ ತಿರುವಿದ. ಒಂದು ಗಂಟೂ ಆಗಲಿಲ್ಲ. ಮೊದಲ ಸೌಟು ಎಡಗಡೆಯ ಬಟ್ಟಲಿಗೆ ಬಿಟ್ಟ. ಆಮೇಲೆ ಅದರ ಪಕ್ಕ ಚಾಪೆಯ ಮೇಲೆ ಕೂತ. ಪೂರ್ತಿ ಉಂಡು ಮುಗಿಯುವವರೆಗೂ ಏಳಲಿಲ್ಲ.

ಅದಕ್ಕೇ ಮಗಾ, ಇವತ್ತಿಗೂ ಎದೆಯ ಎಡಗಡೆ ಅಂಗೈ ಇಟ್ಟು ನೋಡಿದರೆ, ಅಲ್ಲಿ ಯಾರೋ ಬಂದು ಕೂತಿರೋದು ನಿನಗೆ ಗೊತ್ತಾಗುತ್ತದೆ.