ಅತಿಥಿಯ ಕೊಡ

"ಗುರುಗಳೇ, ನಾಳೆ ಬಡವರ ಊರುಗಳ ಕಡೆ ಹೊರಟಿದ್ದೇನೆ. ಅಲ್ಲಿನವರ ರೋಗರುಜಿನಗಳನ್ನು ನೋಡಿ ಬರೆದುಕೊಂಡು ಬರುತ್ತೇನೆ. ನನ್ನಿಂದ ಯಾರ ಕೂದಲೂ ಕೊಂಕುವುದಿಲ್ಲ. ಬರೀ ನೋಡುವುದರಲ್ಲಿ ತಪ್ಪೇನು ಬಂದೀತು?" ಎಂದು ಶಿಷ್ಯ ಕೇಳಿದ.

ಗುರು ಈ ಕತೆ ಹೇಳಿದರು.

ಬಯಲುಸೀಮೆಯ ಒಂದು ಊರಿಗೆ ಒಬ್ಬ ಪಂಡಿತ ಬಂದ. ಆ ಊರಿನ ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗಿ, ಕಾಲು ಬಿಲ್ಲಿನಂತೆ ಬಾಗುತ್ತಿದ್ದವು. ಗುಡ್ಡದಾಚೆಯ ಊರಿನ ಮಕ್ಕಳು ಮಾತ್ರ ನೆಟ್ಟಗಿದ್ದರು. ಇದರ ಕಾರಣ ಹುಡುಕಬೇಕೆಂದು ಪಂಡಿತ ಒಬ್ಬ ಅಜ್ಜಿಯ ಮನೆಯ ಜಗಲಿಯಲ್ಲಿ ಬಿಡಾರ ಹೂಡಿದ. ಅಜ್ಜಿಗೆ ಇದ್ದವಳು ಒಬ್ಬಳೇ ಮೊಮ್ಮಗಳು, ಆಗಷ್ಟೇ ಹೆಜ್ಜೆಯಿಡಲು ಕಲಿತ ಮಗು.

ಪಂಡಿತ ಕೆಟ್ಟವನಲ್ಲ. ವರ್ಷ ತುಂಬುವುದರೊಳಗೆ ಅವನಿಗೆ ತಿಳಿಯಿತು, ದೋಷ ಇದ್ದದ್ದು ಊರಬಾವಿಯ ನೀರಿನಲ್ಲಿ. ಗುಡ್ಡದಾಚೆಯವರು ಕುಡಿಯುತ್ತಿದ್ದದ್ದು ಒರತೆಯ ನೀರು. ಹೇಳಬೇಕೆಂದು ಹೊರಟವನು ತಡೆದುಕೊಂಡ. ಈಗಲೇ ಹೇಳಿದರೆ ಜನ ಬಾವಿ ಬಿಡುತ್ತಾರೆ. ಎರಡು ಊರನ್ನು ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಇನ್ನೆರಡು ವರ್ಷ ನೋಡಿದರೆ ಗ್ರಂಥ ಗಟ್ಟಿಯಾಗುತ್ತದೆ, ಮುಂದೆ ನೂರು ಊರಿಗೆ ಒಳಿತಾಗುತ್ತದೆ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡ. ಬುದ್ಧಿವಂತರಿಗೆ ಸಮಾಧಾನ ಬೇಗ ಸಿಗುತ್ತದೆ.

ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವುದು ಆ ಸೀಮೆಯ ವಾಡಿಕೆ. ಅಜ್ಜಿ ದಿನವೂ ತಪ್ಪದೆ ಕೊಡುತ್ತಿದ್ದಳು. ನೀರಿನ ದೋಷ ತಿಳಿದ ದಿನದಿಂದ ಪಂಡಿತ ಬೆಲ್ಲವನ್ನಷ್ಟೇ ಬಾಯಿಗೆ ಹಾಕಿಕೊಂಡು ನೀರಿನ ತಂಬಿಗೆಯನ್ನು ಹಾಗೆಯೇ ಇಟ್ಟುಬಿಡುತ್ತಿದ್ದ. ಅಜ್ಜಿ ಬೇರೆಯೇ ತಿಳಿದಳು. ನಮ್ಮ ಬಾವಿಯ ಸವಳು ನೀರು ದೊಡ್ಡವರ ನಾಲಗೆಗೆ ಒಗ್ಗದು ಎಂದುಕೊಂಡು, ಬೆಳಗಾಗುತ್ತಲೇ ಗುಡ್ಡ ಹತ್ತಿಳಿದು ಅವನಿಗಾಗಿ ಒಂದು ಕೊಡ ಒರತೆಯ ನೀರು ತರತೊಡಗಿದಳು. ಅತಿಥಿಗೆಂದು ತಂದ ಕೊಡವನ್ನು ಮನೆಯವರು ಮುಟ್ಟುತ್ತಿರಲಿಲ್ಲ. ಪಂಡಿತ ಆ ನೀರು ಕುಡಿದ. ಮಗು ಬಾವಿಯ ನೀರು ಕುಡಿಯಿತು. ಅದನ್ನೂ ಅವನು ನೋಡಿದ, ಬರೆದುಕೊಂಡ.

ಮೂರನೆಯ ವರ್ಷ ಗ್ರಂಥ ಮುಗಿಯಿತು. ಪಂಡಿತ ಊರವರನ್ನು ಸೇರಿಸಿ ಎಲ್ಲವನ್ನೂ ವಿವರಿಸಿದ. ಇನ್ನು ಬಾವಿಯ ನೀರು ಕುಡಿಯಬೇಡಿ ಎಂದ. ಜನ ಕೈಮುಗಿದರು. ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡೇ ಮುಂದೆ ಬಂದಳು. ನಾಲ್ಕು ವರ್ಷದ ಹುಡುಗಿ, ಕಾಲು ಬಾಗಿ ನಡೆಯಲಾರದಾಗಿದ್ದಳು.

"ಯಪ್ಪಾ, ಇದು ನಿಮಗ ಯಾವಾಗ ತಿಳೀತ್ರೀ?"

"ಮೊದಲನೆಯ ವರ್ಷವೇ, ತಾಯಿ."

"ಆವಾಗ ಈಕಿ ಓಡ್ಯಾಡತಿದ್ಲು," ಎಂದಳು ಅಜ್ಜಿ. "ಒಂದು ಮಾತು ಹೇಳಿದ್ರ, ನಿಮಗಂತ ತರೂ ಕೊಡದಾಗ ಈಕಿಗೂ ಒಂದು ಗುಟುಕು ಹಾಕ್ತಿದ್ದೆನಲ್ರೀ."

ಪಂಡಿತ ನಾಚಿಕೆಯಿಂದ ತಲೆ ತಗ್ಗಿಸಿ ನಿಂತ.

ಇಷ್ಟು ಹೇಳಿ ಗುರು ಕತೆ ನಿಲ್ಲಿಸಿದರು. ಶಿಷ್ಯ ಅನುಮಾನಿಸುತ್ತಲೇ ಕೇಳಿದ, "ಆದರೂ ಆ ಗ್ರಂಥದಿಂದ ನೂರು ಊರಿಗೆ ಒಳಿತಾಯಿತಲ್ಲವೇ, ಗುರುಗಳೇ?"

"ಆಯಿತು. ನೀನೂ ಹೋಗಿ ಬಾ," ಎಂದರು ಗುರು. "ಆದರೆ ಅವರು ಕೊಟ್ಟ ನೀರು ಕುಡಿಯಲು ನೀನು ಅಂಜಿದ ದಿನ, ಬರೆಯುವುದಕ್ಕೆ ಮೊದಲು ಅವರಿಗೆ ಹೇಳು."