ಕೇದಿಗೆಯ ಒಡಕು ದನಿ

೧೯೭೯ನೇ ಇಸವಿ ಆಗಸ್ಟ್ ಆರನೇ ತಾರೀಖಿನ ನನ್ನ ಡೈರಿಯಲ್ಲಿ, ಮಕ್ಕಳಿಗೆ ಹೇಳಿದ ಕಥೆ ಎಂದು ಬರೆದಿಟ್ಟದ್ದು ಇದು.

ಒಂದು ಕಾಡಿನಲ್ಲಿ ಮರಿಗಳಿಗೊಂದು ಶಾಲೆ ಇತ್ತು. ಅಲ್ಲಿಯ ಮೊದಲ ಪಾಠ ಇದು: ಚಿರತೆಯನ್ನು ಕಂಡವರು ಕೂಡಲೇ ಕೂಗಬೇಕು, ಕೂಗು ಕೇಳಿದವರೆಲ್ಲ ಓಡಬೇಕು. ಕಲಿಸುವವಳು ಮುದಿ ಕಡವೆ ತುಂಗಮ್ಮ ಟೀಚರ್.

ಜಿಂಕೆಮರಿ ಕೇದಿಗೆಯ ಕಣ್ಣು ಎಲ್ಲರಿಗಿಂತ ಚುರುಕು. ದನಿ ಮಾತ್ರ ಒಡಕು. ಅವಳು ಕೂಗಿದಾಗಲೆಲ್ಲ ನರಿಮರಿ ಕೆಂಚ ನಗುತ್ತಾ ನೆಲದ ಮೇಲೆ ಬಿದ್ದು ಹೊರಳಾಡುತ್ತಿದ್ದ.

"ಏನೇ, ಕಪ್ಪೆ ನುಂಗಿದ್ದೀಯಾ? ಪಾಪ, ಅದನ್ನು ಹೊರಗೆ ಬಿಡೇ!"

ಮರಿಗಳೆಲ್ಲ ನಗುತ್ತಿದ್ದವು. ಮೊಲದಮರಿ ಗುಂಡನೂ ನಗುತ್ತಿದ್ದ. ನಗದಿದ್ದರೆ ನಾಳೆ ತನ್ನ ಸರದಿ ಎಂದು ಅವನಿಗೆ ಹೆದರಿಕೆ.

ಒಂದು ದಿನ ಕೇದಿಗೆ ಧೈರ್ಯ ಮಾಡಿ ಟೀಚರ್ ಹತ್ತಿರ ಹೇಳಿದಳು. ತುಂಗಮ್ಮ ಎಲ್ಲರ ಎದುರಿಗೇ ಕೆಂಚನನ್ನು ಕರೆದಳು.

ಕೆಂಚ ಬಾಲ ಮುದುಡಿಕೊಂಡು ನಿಂತ. "ತಮಾಷೆಗೆ ಅಂದೆ ಟೀಚರ್. ಕೇದಿಗೆ ನನಗೆ ತಂಗಿ ಇದ್ದ ಹಾಗೆ."

"ನೋಡಿದೆಯಾ ಮಗು? ಇಷ್ಟಕ್ಕೆಲ್ಲ ಅಳಬಾರದು. ಇಬ್ಬರೂ ರಾಜಿಯಾಗಿ," ಎಂದಳು ತುಂಗಮ್ಮ. ಅಲ್ಲಿಗೆ ವಿಚಾರಣೆ ಮುಗಿಯಿತು.

ಟೀಚರ್ ಅತ್ತ ಹೋದದ್ದೇ ತಡ, ಕೆಂಚ ಹಲ್ಲು ತೋರಿಸಿದ. "ಚಾಡಿ ಹೇಳ್ತೀಯಾ? ಇನ್ನೊಂದು ಸಲ ಬಾಯಿ ತೆಗೆದು ನೋಡು!"

ಕೇದಿಗೆ ಬಾಯಿ ತೆಗೆಯಲಿಲ್ಲ. ಪಾಠದಲ್ಲೂ ತುಟಿ ಅಲ್ಲಾಡಿಸುತ್ತಿದ್ದಳಷ್ಟೆ, ದನಿ ಹೊರಡುತ್ತಿರಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಮರಿಗಳು ಹೊಂಡಕ್ಕೆ ಹೋದವು. ಎಲ್ಲರನ್ನೂ ತಳ್ಳಿಕೊಂಡು ಕೆಂಚನೇ ಮೊದಲು ನೀರಿಗೆ ಬಾಯಿ ಹಾಕಿದ. ಅವನ ಹಿಂದಿನ ಹುಲ್ಲಿನಲ್ಲಿ ಹಳದಿ ಮೈಯೊಂದು ಸರಿಯುವುದು ಕೇದಿಗೆಗೆ ಕಂಡಿತು. ಚಿರತೆ! ಕೂಗಬೇಕು. ಕೂಗಿದರೆ ಎಲ್ಲರೂ ನಗುತ್ತಾರೆ. ಕೂಗದಿದ್ದರೆ ಕೆಂಚ ಸಾಯುತ್ತಾನೆ. ಅವಳು ಬಾಯಿ ತೆರೆದು ಮತ್ತೆ ಮುಚ್ಚಿದಳು. ಕೊನೆಗೆ ಕಣ್ಣು ಮುಚ್ಚಿ ಕೂಗಿಯೇಬಿಟ್ಟಳು. ಒಡಕು ದನಿ ಕಾಡಿಗೆಲ್ಲ ಕೇಳಿಸಿತು.

ಎಲ್ಲರೂ ಓಡಿದರು. ಕೆಂಚನೂ ನೆಗೆದ. ಆದರೆ ಆ ವೇಳೆಗೆ ಚಿರತೆಯ ಪಂಜ ಅವನ ಹಿಂಗಾಲನ್ನು ಸೀಳಿತ್ತು.

"ಕಂಡ ಕೂಡಲೇ ಯಾಕೆ ಕೂಗಲಿಲ್ಲ?" ಮರಿಗಳು ಶಾಲೆಗೆ ಮರಳಿ ನಡೆದದ್ದನ್ನು ಹೇಳಿದಾಗ ತುಂಗಮ್ಮ ಕೇದಿಗೆಯನ್ನು ಗದರಿದಳು.

ಗುಂಡ ಮುಂದೆ ಬಂದ. "ಬಾಯಿ ತೆಗೆಯಬಾರದು ಅಂತ ಕೆಂಚನೇ ಅವಳನ್ನು ಹೆದರಿಸಿದ್ದ, ಟೀಚರ್. ನಾವೆಲ್ಲ ಕೇಳಿಸಿಕೊಂಡಿದ್ದೆವು."

"ಮತ್ತೆ ನೀವ್ಯಾರೂ ನನಗೆ ಹೇಳಲಿಲ್ಲವಲ್ಲ?"

"ಹೇಳಿದವಳಿಗೆ ಏನಾಯಿತು ಅಂತ ನೋಡಿದ್ದೆವಲ್ಲ, ಟೀಚರ್."

ತುಂಗಮ್ಮ ಕೇದಿಗೆಯ ಪಕ್ಕದಲ್ಲಿ ಮಂಡಿಯೂರಿ, "ತಪ್ಪು ನನ್ನದು ಮಗು," ಎಂದಳು.

ಮರುದಿನದಿಂದ ಪಾಠ ಬದಲಾಯಿತು. ಜೊತೆಯವರನ್ನು ಯಾರಾದರೂ ಕಾಡಿಸಿದರೂ ಕಂಡವರು ಕೂಗಬೇಕು. ದೂರು ತಂದ ಮರಿಯೊಂದನ್ನೇ ಪಕ್ಕದಲ್ಲಿ ಕೂರಿಸಿಕೊಂಡು ತುಂಗಮ್ಮ ಅದರ ಮಾತು ಕೇಳುತ್ತಿದ್ದಳು, ಕೆಲವು ದಿನ ಬಿಟ್ಟು, "ಈಗ ಹೇಗಿದೆ?" ಎಂದು ತಾನೇ ಹೋಗಿ ವಿಚಾರಿಸುತ್ತಿದ್ದಳು. ಕೆಂಚನನ್ನು ಶಾಲೆಯಿಂದ ಓಡಿಸಲಿಲ್ಲ. ತನ್ನ ಕಣ್ಣೆದುರಿಗೇ ಕೂರಿಸಿ ತಿದ್ದಿದಳು.

ಕೆಂಚ ಬದುಕಿಕೊಂಡ, ಆದರೆ ಆ ಕಾಲನ್ನು ಮತ್ತೆ ನೆಲಕ್ಕೆ ಊರಲು ಅವನಿಗೆ ಆಗಲಿಲ್ಲ. ಇಂಥ ಶಾಲೆ ಬೇಡವೆಂದು ಗುಂಡನ ಅಮ್ಮ ಅವನ ಪುಟ್ಟ ತಂಗಿಯನ್ನು ಅಲ್ಲಿಗೆ ಕಳಿಸಲೇ ಇಲ್ಲ. ಕೇದಿಗೆ ಮತ್ತೆ ಕೂಗಲು ಕಲಿತಳು; ಜೋರಾಗಿ ನಗುವುದನ್ನು ಮಾತ್ರ ಕಲಿಯಲಿಲ್ಲ.

ನೀತಿ: ನೊಂದ ಮಗುವಿನ ಬಾಯಿ ಮುಚ್ಚಿಸುವ ಶಾಲೆ ಯಾವ ಮಗುವನ್ನೂ ಕಾಪಾಡಲಾರದು, ಕಂಡವರು ಹೇಳಬೇಕು, ದೊಡ್ಡವರು ಕಿವಿಗೊಡಬೇಕು.